ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕುವುದಿಲ್ಲ, ಅಲ್ವಾ?

ಚಿಂತಾಮಣಿ
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ಅಲ್ಲೂ ಎಲ್ಲರೂ ಚೆನ್ನಾಗಿದ್ದೀರಿ ಅಂತ ನಿಮ್ಮಪ್ಪ ಮೊನ್ನೆ ಫೋನಿನಲ್ಲಿ ಹೇಳಿದರು. ರೇಷ್ಮೆ ಹುಳು ಚರ್ಮ ಕಳಚಿ ಮೂರನೇ ಜ್ವರ ಎದ್ದಿದೆಯಂತೆ. ಈ ಸಲ ಬೆಳೆ ಚೆನ್ನಾಗಿ ಬರುವ ಹಾಗೆ ಕಾಣುತ್ತಿದೆ ಅಂದರು. ಕೇಳಿ ಸಮಾಧಾನ ಆಯಿತು.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ನಿನ್ನ ವಿಷಯ ತೆಗೆದರು. ಫಿಸಿಕ್ಸ್ ಟೆಸ್ಟಿನಲ್ಲಿ 40ಕ್ಕೆ 11 ಬಂದಿದೆ, ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ, ಈಗ ಯಾವುದೋ ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟು ಅಂತ ಕೇಳುತ್ತಿದ್ದಾಳೆ, ಏನು ಮಾಡಲಿ ಅಕ್ಕ, ನೀವೇ ಹೇಳಿ ಅಂದರು. ಅವರ ದನಿಯಲ್ಲಿ ಬೇಜಾರಿಗಿಂತ ಹೆದರಿಕೆ ಜಾಸ್ತಿ ಇತ್ತು.

ಅಲ್ಲೇ ಉತ್ತರ ಹೇಳಿಬಿಡಬಹುದಿತ್ತು. ಆದರೆ ಇದನ್ನು ನೀನು ನಿಧಾನವಾಗಿ ಓದಬೇಕು, ಬೇಕಾದರೆ ಎರಡು ಸಲ ಓದಬೇಕು ಅನಿಸಿತು. ಅದಕ್ಕೆ ಪತ್ರ ಬರೆಯುತ್ತಿದ್ದೇನೆ.

ಮೊನ್ನೆ ನೀನು ನನ್ನ ಹತ್ತಿರ ಒಂದು ಮಾತು ಹೇಳಿದೆ. "ದೊಡ್ಡಮ್ಮ, ಆ ಚಾಪ್ಟರಿನ ವಿಡಿಯೋ ಎಲ್ಲಾ ನೋಡಿದ್ದೆ. ನೋಡುವಾಗ ಎಲ್ಲಾ ಅರ್ಥ ಆಗಿತ್ತು. ಪೇಪರ್ ಕೈಗೆ ಬಂದಾಗ ಒಂದೂ ಬರಲಿಲ್ಲ." ಹೇಳುತ್ತಾ ಅತ್ತೆ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನೀನು ಸುಳ್ಳು ಹೇಳಲಿಲ್ಲ ಅಂತ ನನಗೆ ಗೊತ್ತು. ನೋಡುವಾಗ ಅರ್ಥ ಆಗಿದ್ದೂ ನಿಜ, ಪರೀಕ್ಷೆಯಲ್ಲಿ ಬರದೆ ಇದ್ದದ್ದೂ ನಿಜ. ನಿನಗೆ ಬುದ್ಧಿ ಕಡಿಮೆ ಅಂತ ಇದರ ಅರ್ಥ ಅಲ್ಲ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಅಷ್ಟು ಚೆನ್ನಾಗಿ ಓದಿದವಳು ಎರಡೇ ತಿಂಗಳಲ್ಲಿ ದಡ್ಡಿ ಆಗಿಬಿಡುವುದಿಲ್ಲ. ನೀನು ಪಾಠ ನೋಡುವ ರೀತಿಯಲ್ಲಿ ಒಂದು ಹೆಜ್ಜೆ ತಪ್ಪುತ್ತಿದೆ, ಅಷ್ಟೇ.

ಆ ಹೆಜ್ಜೆ ಯಾವುದು ಅಂತ ನನಗೆ ಹೇಗೆ ಗೊತ್ತಾಯಿತು ಹೇಳುತ್ತೇನೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ನನ್ನ ನಿವೃತ್ತಿ ಹತ್ತಿರ ಬಂದಿತ್ತು. ಚಂದನ ವಾಹಿನಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಂವೇದ ಪಾಠ ಬರುತ್ತಿತ್ತು. ಅದರ ಜೊತೆಗೆ ನಾನೂ ಏನಾದರೂ ಮಾಡೋಣ ಅಂತ ಅಡುಗೆಮನೆ ಗೋಡೆಗೆ ಒಂದು ಹಲಗೆ ಒರಗಿಸಿದೆ. ಮೊಬೈಲನ್ನು ಡಬ್ಬಿಗಳ ಮೇಲೆ ನಿಲ್ಲಿಸಿ ಹತ್ತು ಹತ್ತು ನಿಮಿಷದ ಪಾಠ ರೆಕಾರ್ಡ್ ಮಾಡಿ ಮಕ್ಕಳ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಹಾಕಿದ ಕೂಡಲೇ ಎಲ್ಲರೂ ಹೆಬ್ಬೆಟ್ಟಿನ ಚಿತ್ರ ಒತ್ತುತ್ತಿದ್ದರು. ಅರ್ಥ ಆಯ್ತಾ ಅಂತ ಕೇಳಿದರೆ, ಆಯ್ತು ಮಿಸ್ ಅನ್ನುತ್ತಿದ್ದರು. ನನಗೂ ಖುಷಿ.

ಶಾಲೆ ತೆರೆದ ಮೊದಲ ವಾರ ನಿಮ್ನ ದರ್ಪಣದ ಕಿರಣ ಚಿತ್ರ ಬರೆಯಿರಿ ಅಂದೆ. ನಾನೇ ಎರಡು ವಿಡಿಯೋದಲ್ಲಿ ಬರೆದು ತೋರಿಸಿದ್ದ ಚಿತ್ರ. 42 ಮಕ್ಕಳಲ್ಲಿ ಸರಿಯಾಗಿ ಬರೆದವರು 5 ಜನ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನ ಆ ಐದು ಜನರನ್ನು ಕರೆದು, ನೀವು ಹೇಗೆ ಕಲಿತಿರಿ ಅಂತ ಕೇಳಿದೆ. ನಾಲ್ಕು ಜನ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಟ್‌ಬುಕ್ಕಿನಲ್ಲಿ ಬರೆದಿದ್ದರು. ಐದನೆಯವಳ ಕಥೆ ಬೇರೆ. ಅವರ ಮನೆಯಲ್ಲಿ ಇದ್ದದ್ದು ಒಂದೇ ಫೋನು, ಅದು ಬೆಳಿಗ್ಗೆ ಎಂಟಕ್ಕೆ ಅಪ್ಪನ ಜೊತೆ ಟೊಮೆಟೊ ಮಂಡಿಗೆ ಹೋಗಿಬಿಡುತ್ತಿತ್ತು. ಅವಳು ಪಾಠ ನೋಡುತ್ತಿದ್ದದ್ದು ಒಂದೇ ಸಲ. ಆಮೇಲೆ ಫೋನು ಇಲ್ಲದೆ, ನೋಡಿದ್ದನ್ನು ನೆನಪು ಮಾಡಿಕೊಂಡು ತಮ್ಮನಿಗೆ ಹೇಳಿಕೊಡುತ್ತಿದ್ದಳು. ಎಲ್ಲರಿಗಿಂತ ಕಡಿಮೆ ವಿಡಿಯೋ ನೋಡಿದವಳು ಎಲ್ಲರಿಗಿಂತ ಚೆನ್ನಾಗಿ ಚಿತ್ರ ಬರೆದಿದ್ದಳು.

ಪುಟ್ಟಿ, ನಿಮ್ಮ ಹುಳುಮನೆಯನ್ನೇ ನೋಡು. ಹುಳು ಜ್ವರಕ್ಕೆ ಕೂತಾಗ ನೀವು ಸೊಪ್ಪು ಹಾಕುವುದಿಲ್ಲ, ಅಲ್ವಾ? ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿರುತ್ತವೆ. ಏನೂ ಆಗುತ್ತಿಲ್ಲ ಅನಿಸುತ್ತದೆ. ಆದರೆ ತಿಂದ ಸೊಪ್ಪು ಮೈಗೆ ಹತ್ತಿ, ಹಳೇ ಚರ್ಮ ಕಳಚಿ ಹೊಸದು ಬರುವುದು ಆಗಲೇ. ನಿಮ್ಮಪ್ಪ ಸುಣ್ಣ ಉದುರಿಸಿ ಸುಮ್ಮನೆ ಬಿಡುತ್ತಾರೆ. ಎಲ್ಲಾ ಹುಳು ಎದ್ದ ಮೇಲೇ ಮತ್ತೆ ಸೊಪ್ಪು. ಅವಸರಪಟ್ಟು ಮೊದಲೇ ಹಾಕಿದರೆ ಎದ್ದ ಹುಳು ತಿಂದು ದಪ್ಪ ಆಗುತ್ತದೆ, ಕೂತಿರುವುದು ಸಣ್ಣಗೇ ಉಳಿಯುತ್ತದೆ, ಬೆಳೆ ಏರುಪೇರಾಗುತ್ತದೆ. ಇದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ನಿನ್ನ ಓದಿನಲ್ಲಿ ಆಗುತ್ತಿರುವುದು ಅದೇ. ಒಂದು ವಿಡಿಯೋ ಮುಗಿದ ಕೂಡಲೇ ಇನ್ನೊಂದು, ಅದು ಮುಗಿದ ಕೂಡಲೇ ಮತ್ತೊಂದು. ಸೊಪ್ಪಿನ ಮೇಲೆ ಸೊಪ್ಪು ಬೀಳುತ್ತಿದೆ. ಜ್ವರಕ್ಕೆ ಕೂರುವುದಕ್ಕೆ ನೀನು ಸಮಯವನ್ನೇ ಕೊಡುತ್ತಿಲ್ಲ.

ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಒಂದು ಪಾಠ ಓದಲು ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು. ಇನ್ನು ಕೆಲವರು ಓದಿದ ಪಾಠ ಪಕ್ಕಕ್ಕಿಟ್ಟು, ನೆನಪಿರುವಷ್ಟನ್ನು ಹಾಳೆಯಲ್ಲಿ ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು. ಹಾಳೆಯಲ್ಲಿ ಬರೆದು ನೋಡಿದವರಿಗೆ ಜಾಸ್ತಿ ನೆನಪಿತ್ತು. ವಿಡಿಯೋ ಮುಗಿದ ಕ್ಷಣದಲ್ಲಿ ನಿನಗೆ "ಬಂತು" ಅನಿಸುತ್ತದಲ್ಲ, ಅದು ಆ ಐದು ನಿಮಿಷದ ಲೆಕ್ಕ. ನಿನ್ನ ಟೆಸ್ಟ್ ಇದ್ದದ್ದು ಒಂದು ವಾರ ಆದ ಮೇಲೆ.

ಇನ್ನೊಂದು ಹೇಳುತ್ತೇನೆ, ಇದು ಫಿಸಿಕ್ಸಿನದ್ದೇ. ವೆರಿಟಾಸಿಯಂ ಅನ್ನುವ ದೊಡ್ಡ ಯೂಟ್ಯೂಬ್ ಚಾನೆಲ್ ನಡೆಸುವ ಡೆರೆಕ್ ಮುಲ್ಲರ್, 2008ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದರು. ಫಿಸಿಕ್ಸ್ ವಿಡಿಯೋ ನೋಡಿದವರು ನಿಜವಾಗಿ ಎಷ್ಟು ಕಲಿಯುತ್ತಾರೆ ಅನ್ನುವುದೇ ಅವರ ವಿಷಯ. ಅಚ್ಚುಕಟ್ಟಾಗಿ, ತಿಳಿಯಾಗಿ ವಿವರಿಸುವ ವಿಡಿಯೋ ತೋರಿಸಿದಾಗ ಎಲ್ಲರೂ ಚೆನ್ನಾಗಿ ಅರ್ಥ ಆಯಿತು ಅಂದರು. ಪರೀಕ್ಷೆ ಕೊಟ್ಟರೆ ಅಂಕ ಹೆಚ್ಚುಕಡಿಮೆ ಮೊದಲಿನಷ್ಟೇ. ಇನ್ನೊಂದು ಗುಂಪಿಗೆ ಬೇರೆ ಥರದ ವಿಡಿಯೋ ತೋರಿಸಿದರು. ಅದರಲ್ಲಿ ಜನ ಸಾಮಾನ್ಯವಾಗಿ ಮಾಡುವ ತಪ್ಪನ್ನು ಮೊದಲು ಹೇಳಿ, ಅದು ಯಾಕೆ ತಪ್ಪು ಅಂತ ಬಿಡಿಸುತ್ತಿದ್ದರು. ಅದನ್ನು ನೋಡಿದವರು ಗೊಂದಲ ಆಯಿತು, ಕಷ್ಟ ಆಯಿತು ಅಂದರು. ಅಂಕ ಜಾಸ್ತಿ ತೆಗೆದವರು ಅವರೇ. ತಲೆಯಲ್ಲಿ ಮೊದಲೇ ಒಂದು ತಪ್ಪು ಉತ್ತರ ಕೂತಿರುತ್ತದೆ. ಒಳ್ಳೆಯ ವಿಡಿಯೋ ನೋಡುವಾಗ, ಹೌದು ಇದು ನನಗೆ ಗೊತ್ತಿರುವುದೇ ಅಂದುಕೊಂಡು ತಲೆ ಆಡಿಸುತ್ತೇವೆ. ಒಳಗಿನ ತಪ್ಪು ಅಲ್ಲೇ ಉಳಿಯುತ್ತದೆ.

ಬೇಕಾದರೆ ಈಗಲೇ ನೋಡು. ಒಂದು ನಿಂಬೆಹಣ್ಣು ತಗೊಂಡು ನೇರ ಮೇಲಕ್ಕೆ ಎಸೆ. ಕೈಬಿಟ್ಟ ಮೇಲೆ ಅದು ಮೇಲಕ್ಕೆ ಹೋಗುತ್ತಿರುವಾಗ ಅದರ ಮೇಲೆ ಯಾವ ಯಾವ ಬಲ ಇದೆ? ಉತ್ತರ ಮೊದಲು ಬರೆ, ಆಮೇಲೆ ಮುಂದೆ ಓದು. ಕೈ ಕೊಟ್ಟ ಬಲ ಮೇಲಕ್ಕೆ, ಭೂಮಿಯ ಬಲ ಕೆಳಕ್ಕೆ ಅಂತ ಬರೆದೆಯಾ? ನನ್ನ ಹತ್ತಿರ ಓದಿದ ಮಕ್ಕಳಲ್ಲಿ ಮುಕ್ಕಾಲು ಪಾಲು ಜನ ಹಾಗೇ ಬರೆಯುತ್ತಿದ್ದರು. ಕೈ ಬಿಟ್ಟ ಮೇಲೆ ಕೈಯ ಬಲ ಇಲ್ಲ. ಗಾಳಿಯನ್ನು ಲೆಕ್ಕಕ್ಕೆ ತಗೊಳ್ಳದಿದ್ದರೆ ಇರುವುದು ಗುರುತ್ವ ಒಂದೇ. ಮೇಲೆ ಹೋಗುವಾಗಲೂ, ತುದಿಯಲ್ಲಿ ಒಂದು ಕ್ಷಣ ವೇಗ ಸೊನ್ನೆ ಆದಾಗಲೂ, ಕೆಳಗೆ ಬರುವಾಗಲೂ ಅದೊಂದೇ. ವೇಗೋತ್ಕರ್ಷ ಉದ್ದಕ್ಕೂ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್, ಕೆಳಕ್ಕೆ. ನಿನ್ನ ಟೆಸ್ಟಿನ ಮೂರನೇ ಪ್ರಶ್ನೆ ಇದೇ ಥರದ್ದು ಅಂತ ನಿಮ್ಮಪ್ಪ ಕಳಿಸಿದ ಫೋಟೋದಲ್ಲಿ ನೋಡಿದೆ.

ಹಾಗಾದರೆ ಏನು ಮಾಡಬೇಕು? ವಿಡಿಯೋ ಬಿಡು ಅಂತ ನಾನು ಹೇಳುವುದಿಲ್ಲ. ನಮ್ಮ ಕಾಲದಲ್ಲಿ ಇವೆಲ್ಲ ಇದ್ದಿದ್ದರೆ ನನ್ನ ಪಾಠ ಇನ್ನೂ ಎಷ್ಟೋ ಚೆನ್ನಾಗಿರುತ್ತಿತ್ತು. ಆದರೆ ಪೆನ್ನು ಹಿಡಿಯದೆ ವಿಡಿಯೋ ಹಚ್ಚಬೇಡ. ಶುರು ಮಾಡುವ ಮೊದಲು ಆ ವಿಷಯದಲ್ಲಿ ನಿನಗೆ ಏನು ಗೊತ್ತಿದೆ ಅಂತ ಎರಡು ಸಾಲು ಬರೆ. ತಪ್ಪಿದ್ದರೂ ಪರವಾಗಿಲ್ಲ, ತಪ್ಪಿದ್ದರೆ ಇನ್ನೂ ಒಳ್ಳೆಯದು. ಆರೇಳು ನಿಮಿಷ ಆದ ಮೇಲೆ ನಿಲ್ಲಿಸು. ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಪಾಠದ ಜಾಲದಲ್ಲಿ 69 ಲಕ್ಷ ಸಲ ವಿಡಿಯೋ ನೋಡಿದ ದಾಖಲೆ ತೆಗೆದು ಪರಿಶೀಲಿಸಿದ ಅಧ್ಯಯನ 2014ರಲ್ಲಿ ಬಂತು. ವಿಡಿಯೋ ಎಷ್ಟೇ ಉದ್ದ ಇರಲಿ, ಜನ ಸಾಮಾನ್ಯವಾಗಿ ನೋಡುತ್ತಿದ್ದದ್ದು ಹೆಚ್ಚೆಂದರೆ 6 ನಿಮಿಷ. ಹಾಗಾಗಿ ನಲವತ್ತು ನಿಮಿಷದ ಪಾಠ ಒಂದೇ ಸಲ ಕೂತು ನೋಡಲು ಆಗಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡ. ತುಂಡು ಮಾಡಿ ನೋಡು. ನಿಲ್ಲಿಸಿದ ಮೇಲೆ ಫೋನು ಬೋರಲು ಹಾಕು. ನೋಟ್‌ಬುಕ್ಕನ್ನೂ ಮುಚ್ಚು. ಹೊಸ ಹಾಳೆಯಲ್ಲಿ ನೆನಪಿನಿಂದ ಬರೆ. ಬರೆದಾದ ಮೇಲೆ ಮತ್ತೆ ವಿಡಿಯೋ ಹಚ್ಚಿ, ಬಿಟ್ಟುಹೋಗಿದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸು. ಮೂರು ದಿನ ಬಿಟ್ಟು ಇನ್ನೊಂದು ಸಲ ನೆನಪಿನಿಂದಲೇ ಬರೆ. ಈ ಎರಡನೇ ಸಲ ಕಷ್ಟ ಆಗುತ್ತದೆ. ಮರೆತುಹೋಯಿತು ಅನಿಸುತ್ತದೆ. ದಯವಿಟ್ಟು ಅಲ್ಲಿ ಬಿಡಬೇಡ. ತಡಕಾಡಿ ನೆನಪು ಮಾಡಿಕೊಂಡದ್ದೇ ಉಳಿಯುವುದು.

ಈಗ ಭಾಷೆ. ನಿನಗೆ ಬಂದಿರುವ ನಿಜವಾದ ಕಷ್ಟ ಇದೇ ಅಂತ ನನ್ನ ಅಂದಾಜು. ಮನೆಯಲ್ಲಿ ತೆಲುಗು, ಹತ್ತು ವರ್ಷ ಶಾಲೆಯಲ್ಲಿ ಕನ್ನಡ, ಈಗ ಪಿಯುಸಿಯಲ್ಲಿ ಒಮ್ಮೆಗೇ ಎಲ್ಲಾ ಇಂಗ್ಲಿಷ್. ಲೆಕ್ಚರರ್ ಮೊಮೆಂಟಮ್ ಅಂದಾಗ ನೀನು ಹೊಸ ವಿಷಯ ಅಂದುಕೊಂಡು ಹೆದರುತ್ತೀಯ. ಅದು ನಿನ್ನ ಹಳೇ ಸಂವೇಗ. ಸ್ಪೀಡ್ ಅಂದರೆ ಜವ, ವೆಲಾಸಿಟಿ ಅಂದರೆ ವೇಗ, ಆಕ್ಸಿಲರೇಷನ್ ಅಂದರೆ ವೇಗೋತ್ಕರ್ಷ, ಇನರ್ಷಿಯಾ ಅಂದರೆ ಜಡತ್ವ. ಇವೆಲ್ಲ ಒಂಬತ್ತನೇ ತರಗತಿಯಲ್ಲೇ ನಿನಗೆ ಪರಿಚಯ ಆದವು. ಒಂದು ಚಿಕ್ಕ ಪುಸ್ತಕ ಮಾಡು. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಅದೇ ಪದ ಇಂಗ್ಲಿಷಿನಲ್ಲಿ. ದಿನಕ್ಕೆ ಆರು ಪದ ಸಾಕು.

ಇಂಗ್ಲಿಷ್ ವಿಡಿಯೋ ಭಾರ ಅನಿಸಿದರೆ ನಾಚಿಕೆ ಬೇಡ, ಅದೇ ವಿಷಯದ ಒಂಬತ್ತನೇ ತರಗತಿಯ ಕನ್ನಡ ಪಾಠಕ್ಕೆ ಮೊದಲು ಹೋಗು. ನಿನ್ನ ಹಳೇ ಪುಸ್ತಕದಲ್ಲಿ ಚೌಕದೊಳಗೆ ಚುಕ್ಕಿ ಚುಕ್ಕಿ ಇರುವ ಕ್ಯೂಆರ್ ಕೋಡ್ ಇದೆಯಲ್ಲ, ಅದನ್ನು ದೀಕ್ಷಾ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸೇರಿದ ವಿಡಿಯೋ, ಅಭ್ಯಾಸ ಸಿಗುತ್ತವೆ. ದೀಕ್ಷಾ 2017ರಿಂದ ಇದೆ, ಸರ್ಕಾರದ್ದು, ದುಡ್ಡು ಇಲ್ಲ. ಚಲನೆಯ ಪಾಠ ಕನ್ನಡದಲ್ಲಿ ಒಂದು ಸಲ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ. ಇಂಗ್ಲಿಷಿನದ್ದನ್ನು ನೋಡುವಾಗ ಕೆಳಗೆ ಅಕ್ಷರ ಬರುವ ಹಾಗೆ ಮಾಡಿಕೋ, ವೇಗವನ್ನು ಮುಕ್ಕಾಲಿಗೆ ಇಳಿಸಿಕೋ. ತೆಲುಗಿನಲ್ಲಿ ಒಳ್ಳೆಯ ಪಾಠ ಸಿಕ್ಕರೆ ಅದನ್ನೂ ನೋಡು. ಅರ್ಥ ಆಗುವುದು ಯಾವ ಭಾಷೆಯಲ್ಲಾದರೂ ಆಗಲಿ. ನೆನಪಿನಿಂದ ಬರೆಯುವಾಗ ಮಾತ್ರ ಮೊದಲು ಕನ್ನಡದಲ್ಲಿ ಬರೆ, ಕೊನೆಗೆ ಅದನ್ನೇ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆ. ಪರೀಕ್ಷೆಯಲ್ಲಿ ಕೇಳುವುದು ಆ ನಾಲ್ಕು ಸಾಲು.

ಗಣಿತಕ್ಕೆ ಖಾನ್ ಅಕಾಡೆಮಿ ನೋಡು ಅಂತ ಹಿಂದೆಯೇ ಹೇಳಿದ್ದೆ. ಅದು ಶುರುವಾದ ಕಥೆ ನನಗೆ ಬಹಳ ಇಷ್ಟ. ಸಲ್ಮಾನ್ ಖಾನ್ ಅಂತ ಅಮೆರಿಕದಲ್ಲಿರುವ ಒಬ್ಬರು, ಸಿನಿಮಾ ನಟ ಅಲ್ಲ, ಅದೇ ಹೆಸರಿನ ಬೇರೆಯವರು. 2004ರಲ್ಲಿ ಬೇರೆ ಊರಿನಲ್ಲಿದ್ದ ತಮ್ಮ ಸಂಬಂಧಿಕರ ಹುಡುಗಿ ನಾದಿಯಾಗೆ ಫೋನಿನಲ್ಲಿ ಗಣಿತ ಹೇಳಿಕೊಡಲು ಶುರು ಮಾಡಿದರು. ಉಳಿದ ಸಂಬಂಧಿಕರ ಮಕ್ಕಳೂ ಸೇರಿಕೊಂಡರು. 2006ರಲ್ಲಿ ಪಾಠಗಳನ್ನು ಯೂಟ್ಯೂಬಿಗೆ ಹಾಕಿದರು. ನೀವು ಎದುರಿಗಿರುವುದಕ್ಕಿಂತ ವಿಡಿಯೋದಲ್ಲೇ ಚೆನ್ನ ಅಂತ ಆ ಮಕ್ಕಳು ಹೇಳಿದರಂತೆ. ಯಾಕೆ ಗೊತ್ತಾ? ವಿಡಿಯೋವನ್ನು ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಬಹುದು, ಹೋದ ವರ್ಷದ್ದು ಮರೆತಿದ್ದರೆ ಯಾರಿಗೂ ಹೇಳದೆ ಮತ್ತೆ ನೋಡಬಹುದು. ಅದರ ದೊಡ್ಡ ಗುಣವೇ ಅದು. ನೀನು ಆ ಗುಣವನ್ನು ಬಳಸುತ್ತಿಲ್ಲ, ಸುಮ್ನೆ ಓಡಿಸಿಬಿಡುತ್ತೀಯ. ಲೆಕ್ಕ ಹಲಗೆಯ ಮೇಲೆ ಬಂದ ಕೂಡಲೇ ನಿಲ್ಲಿಸು. ನೀನೇ ಮಾಡು. ಸಿಕ್ಕಿಹಾಕಿಕೊಂಡರೆ ಒಂದೇ ಒಂದು ಹೆಜ್ಜೆ ನೋಡು, ಮತ್ತೆ ನಿಲ್ಲಿಸು. ಅಲ್ಲಿ ಅಭ್ಯಾಸದ ಲೆಕ್ಕಗಳೂ ಇವೆ, ಪುಕ್ಕಟೆ. ಒಂದು ವಿಡಿಯೋಗೆ ಹತ್ತು ಲೆಕ್ಕ, ಅದಕ್ಕಿಂತ ಕಡಿಮೆ ಬೇಡ.

ಫಿಸಿಕ್ಸಿಗೆ ಇನ್ನೊಂದು ಇದೆ, ಫೆಟ್ ಅಂತ. ನೊಬೆಲ್ ಬಹುಮಾನ ಪಡೆದ ಕಾರ್ಲ್ ವೀಮನ್ ಅನ್ನುವ ವಿಜ್ಞಾನಿ 2002ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ಅದು ವಿಡಿಯೋ ಅಲ್ಲ. ಗುಂಡು ಎಷ್ಟು ಕೋನದಲ್ಲಿ ಹಾರಿಸಿದರೆ ಎಷ್ಟು ದೂರ ಬೀಳುತ್ತದೆ ಅಂತ ನೀನೇ ಬದಲಾಯಿಸಿ ಬದಲಾಯಿಸಿ ನೋಡಬಹುದು. ಒತ್ತುವ ಮೊದಲು, ಹೀಗಾಗುತ್ತದೆ ಅಂತ ಊಹೆ ಬರೆದಿಡು.

ಬಯಾಲಜಿಯಲ್ಲಿ ನಿನಗೆ ಯಾರಿಗೂ ಇಲ್ಲದ ಅನುಕೂಲ ಇದೆ. ನಿಮ್ಮ ಹುಳುಮನೆಗಿಂತ ಒಳ್ಳೆಯ ವಿಡಿಯೋ ಯಾವುದೂ ಇಲ್ಲ. ವೈರಸ್ ಪಾಠ ನೋಡಿದ ದಿನ ಹಾಲುರೋಗವನ್ನು ನೆನೆಸಿಕೋ, ಅದು ವೈರಸ್ಸಿನಿಂದ ಬರುವುದು. ಶಿಲೀಂಧ್ರದ ಪಾಠದ ದಿನ ಸುಣ್ಣಕಟ್ಟು ರೋಗ. ಹುಳು ಸತ್ತು ಬೆಳ್ಳಗೆ ಸೀಮೆಸುಣ್ಣದ ಹಾಗೆ ಗಟ್ಟಿ ಆಗುತ್ತದಲ್ಲ, ಅದು ಒಂದು ಶಿಲೀಂಧ್ರ ಮೈಮೇಲೆ ಬೆಳೆದದ್ದು. ಗಂಟುರೋಗ ತಾಯಿ ಚಿಟ್ಟೆಯಿಂದಲೇ ಮೊಟ್ಟೆಗೆ ದಾಟುತ್ತದೆ. 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಬೆಳೆ ಈ ರೋಗದಿಂದ ಹಾಳಾದಾಗ ಲೂಯಿ ಪಾಶ್ಚರ್ ಅಲ್ಲಿಗೆ ಹೋಗಿ ವರ್ಷಗಟ್ಟಲೆ ಕೆಲಸ ಮಾಡಿದರು. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಇದ್ದರೆ ಆ ಮೊಟ್ಟೆ ಎಸೆಯಬೇಕು ಅಂತ ತೋರಿಸಿಕೊಟ್ಟರು. ಇವತ್ತಿಗೂ ಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆ ಪರೀಕ್ಷೆ ಮಾಡುತ್ತಾರೆ. ಮಕ್ಕಳು ಪಾಶ್ಚರ್ ಅಂದರೆ ಹಾಲು ಕಾಯಿಸುವುದು ಅಂತ ಮಾತ್ರ ಬರೆಯುತ್ತಾರೆ. ನಿಮ್ಮ ಮನೆಯ ಅನ್ನಕ್ಕೂ ಅವರಿಗೂ ಸಂಬಂಧ ಇದೆ ಪುಟ್ಟಿ. ಅದನ್ನು ನಿಮ್ಮಪ್ಪನಿಗೆ ಕೂರಿಸಿಕೊಂಡು ಹೇಳು. ಅವರು ಕೇಳುವ ಪ್ರಶ್ನೆಗೆ ನಿನಗೆ ಉತ್ತರ ಬರದಿದ್ದರೆ, ಆಗ ಹೋಗಿ ವಿಡಿಯೋ ಹುಡುಕು.

ಕೆಮಿಸ್ಟ್ರಿಗೆ ಒಂದೇ ಮಾತು. ವಿಡಿಯೋದಲ್ಲಿ ಮಾಡಿ ತೋರಿಸುವುದನ್ನು ಮನೆಯಲ್ಲಿ ಮಾಡಬೇಡ. ಹುಳುಮನೆ ತೊಳೆಯಲು ಬ್ಲೀಚಿಂಗ್ ಪೌಡರ್ ಇರುತ್ತದೆ, ಬಚ್ಚಲಿನಲ್ಲಿ ಆಸಿಡ್ ಇರುತ್ತದೆ. ಎರಡು ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಶ್ವಾಸಕೋಶಕ್ಕೆ ವಿಷ. ತಮ್ಮನಿಗೂ ಹೇಳಿಡು.

ಆ ಅರ್ಧ ನಿಮಿಷ, ಒಂದು ನಿಮಿಷದ ವಿಡಿಯೋಗಳ ವಿಷಯ. ಅವುಗಳಲ್ಲಿ ವಿಜ್ಞಾನ ಇದೆ, ಚರಿತ್ರೆ ಇದೆ, ಇಂಗ್ಲಿಷ್ ಇದೆ, ನೋಡಿದರೆ ಏನು ತಪ್ಪು ಅಂತ ನೀನು ಕೇಳಿದೆ. ತಪ್ಪೇನೂ ಇಲ್ಲ. ಕುತೂಹಲ ಹುಟ್ಟಿಸಲು ಅವು ಒಳ್ಳೆಯವು. ಆದರೆ ಒಂದಾದ ಮೇಲೆ ಒಂದು ತಾನಾಗೇ ಬರುವುದರಿಂದ ಕೇಳಿದ್ದನ್ನು ಯೋಚಿಸುವ ಮೊದಲೇ ಅದು ಅಳಿಸಿಹೋಗುತ್ತದೆ. ಎಷ್ಟೋ ಸಲ ಅವು ಅರ್ಧ ಮಾತ್ರ ಹೇಳುತ್ತವೆ. ಸೂರ್ಯ ಹತ್ತಿರ ಬಂದಾಗ ಬೇಸಿಗೆ, ದೂರ ಹೋದಾಗ ಚಳಿ ಅಂತ ಒಬ್ಬರು ಹೇಳಿದ್ದನ್ನು ನಾನೇ ನೋಡಿದೆ. ಭೂಮಿ ಸೂರ್ಯನಿಗೆ ಎಲ್ಲಕ್ಕಿಂತ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14 ಕೋಟಿ 70 ಲಕ್ಷ ಕಿಲೋಮೀಟರ್. ಜುಲೈನಲ್ಲಿ 15 ಕೋಟಿ 20 ಲಕ್ಷ. ಜನವರಿ ಬೆಳಿಗ್ಗೆ ನೀನು ಸೊಪ್ಪು ಕೊಯ್ಯಲು ಹೋಗುವಾಗ ಎಷ್ಟು ಚಳಿ ಇರುತ್ತದೆ ಹೇಳು? ಋತು ಬದಲಾಗುವುದು ಭೂಮಿಯ ಅಕ್ಷ ಇಪ್ಪತ್ತಮೂರೂವರೆ ಡಿಗ್ರಿ ಓರೆಯಾಗಿರುವುದರಿಂದ. ನಮ್ಮ ತಲೆಯ ಮೇಲೆ ಸೂರ್ಯ ನೆಟ್ಟಗೆ ಬರುವುದು ವರ್ಷಕ್ಕೆ ಎರಡೇ ದಿನ. ನಮ್ಮ ಕಡೆ ಅದು ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮಧ್ಯದಲ್ಲಿ ಬರುತ್ತದೆ. ಆಗಸ್ಟ್ ಹತ್ತಿರ ಬಂತು. ಅಂಗಳದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ, ಮೋಡ ಇಲ್ಲದ ದಿನಗಳಲ್ಲಿ ಮಧ್ಯಾಹ್ನ ಹನ್ನೆರಡೂಕಾಲು ಸುಮಾರಿಗೆ ನೆರಳು ಎಷ್ಟುದ್ದ ಇದೆ, ಯಾವ ಕಡೆಗೆ ಬಿದ್ದಿದೆ ಅಂತ ಗುರುತು ಹಾಕು. ಆ ಒಂದು ದಿನದ ಹಿಂದೆ ಮತ್ತು ಮುಂದೆ ನೆರಳು ದಿಕ್ಕು ಬದಲಾಯಿಸುವುದನ್ನು ನಿನ್ನ ಕಣ್ಣಿಂದ ನೀನೇ ನೋಡುತ್ತೀಯ.

ಚರಿತ್ರೆಯ ಚಿಕ್ಕ ವಿಡಿಯೋಗಳಲ್ಲಿ ಇನ್ನೂ ಹುಷಾರು. 1938ರ ಏಪ್ರಿಲ್ 25ರಂದು ನಮ್ಮ ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದರು. ಸತ್ತವರು ಎಷ್ಟು ಜನ ಅಂತ ಹುಡುಕು, ಒಂದೊಂದು ಕಡೆ ಒಂದೊಂದು ಲೆಕ್ಕ ಸಿಗುತ್ತದೆ. ಯಾರು ಎಣಿಸಿದರು, ಯಾವಾಗ ಎಣಿಸಿದರು ಅಂತ ಕೇಳದೆ ಯಾವುದನ್ನೂ ಸ್ನೇಹಿತೆಯರಿಗೆ ಕಳಿಸಬೇಡ.

ಇನ್ನು ನಿಮ್ಮಪ್ಪನ ಹತ್ತಿರ ಕೇಳಿದ ಕೋರ್ಸು. 2021ರಲ್ಲಿ ನನ್ನ ಮೈದುನನ ಮನೆಯಲ್ಲಿ ಆದದ್ದು ನಿನಗೆ ಪೂರ್ತಿ ಗೊತ್ತಿಲ್ಲ. ಒಂದು ಕಂಪನಿಯವರು ಮನೆಗೇ ಬಂದರು. ಹುಡುಗನಿಗೆ ಒಂದು ಟೆಸ್ಟ್ ಕೊಟ್ಟು, ಇವನು ತುಂಬಾ ಹಿಂದಿದ್ದಾನೆ ಅಂತ ಅಪ್ಪ ಅಮ್ಮನ ಎದುರಿಗೇ ಹೇಳಿದರು. ಅಲ್ಲೇ ಕೂತು 36 ಸಾವಿರದ ಕೋರ್ಸಿಗೆ ಸಾಲ ಬರೆಸಿದರು. ಎರಡು ತಿಂಗಳಿಗೆ ಹುಡುಗನಿಗೆ ಬೇಸರ ಬಂತು. ಬೇಡ ಅಂತ ಫೋನ್ ಮಾಡಿದರೆ ಒಬ್ಬರು ಇನ್ನೊಬ್ಬರ ನಂಬರು ಕೊಡುತ್ತಿದ್ದರು. ಕಂತು ಮಾತ್ರ ಒಂದೂವರೆ ವರ್ಷ ಬ್ಯಾಂಕಿನಿಂದ ಕಡಿತ ಆಯಿತು. ಆ ಮನೆಯಲ್ಲಿ ದುಡ್ಡಿಗಿಂತ ಆ ಹುಡುಗನ ಮನಸ್ಸಿಗೆ ಆದ ನೋವು ನನಗೆ ಇನ್ನೂ ಮರೆಯಲು ಆಗಿಲ್ಲ. ಅಪ್ಪನ ದುಡ್ಡು ಹಾಳು ಮಾಡಿದೆ ಅಂತ ಅವನು ಓದುವುದನ್ನೇ ಬಿಟ್ಟಿದ್ದ.

ದುಡ್ಡು ಕೊಟ್ಟ ಕೋರ್ಸೆಲ್ಲ ಕೆಟ್ಟದ್ದು ಅಂತ ಅಲ್ಲ. ಆದರೆ ನಿನಗೆ ಈಗ ಇರುವ ಕೊರತೆ ವಿಡಿಯೋದ್ದಲ್ಲ. ಪುಕ್ಕಟೆ ಸಿಗುವುದೇ ನೀನು ಮುಗಿಸಲಾರದಷ್ಟು ಇದೆ. ಸ್ವಯಂ ಅನ್ನುವ ಸರ್ಕಾರದ ತಾಣದಲ್ಲಿ ಎನ್‌ಸಿಇಆರ್‌ಟಿಯ 11, 12ನೇ ತರಗತಿಯ ಕೋರ್ಸುಗಳು ಇವೆ, ನಿಮ್ಮ ಪಿಯುಸಿ ವಿಜ್ಞಾನದ ಪುಸ್ತಕಗಳೂ ಅವರವೇ. ನಿನಗೆ ಅರ್ಥ ಆಗದ್ದನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟು ಲೆಕ್ಚರರ್ ಹತ್ತಿರ ಹೋಗಿ ಕೇಳು. ವಿಡಿಯೋ ನಿನ್ನ ಮುಖ ನೋಡುವುದಿಲ್ಲ, ಅವರು ನೋಡುತ್ತಾರೆ. ನೀನು ಎಲ್ಲಿ ತಪ್ಪುತ್ತಿದ್ದೀಯ ಅಂತ ಒಂದು ಪ್ರಶ್ನೆಯಲ್ಲೇ ಅವರಿಗೆ ಗೊತ್ತಾಗಿಬಿಡುತ್ತದೆ. ಮಿಡ್ ಟರ್ಮ್ ಪರೀಕ್ಷೆವರೆಗೆ ನಾನು ಹೇಳಿದ ಹಾಗೆ ಓದಿ ನೋಡು. ಆಮೇಲೂ ಕೋರ್ಸು ಬೇಕೇಬೇಕು ಅನಿಸಿದರೆ ಅರ್ಧ ದುಡ್ಡು ನಾನು ಹಾಕುತ್ತೇನೆ. ನಿಮ್ಮಪ್ಪನಿಗೂ ಹಾಗೇ ಹೇಳಿದ್ದೇನೆ.

ರಾತ್ರಿ ಹನ್ನೊಂದರವರೆಗೆ ಹೊದಿಕೆ ಒಳಗೆ ಫೋನು ಹಿಡಿದಿರುತ್ತಾಳೆ ಅಂತ ನಿಮ್ಮಮ್ಮ ಹೇಳಿದಳು. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ, ನಾನೇ ಕೇಳಿದ್ದಕ್ಕೆ ಹೇಳಿದಳು. ಒಂಬತ್ತೂವರೆಗೆ ಫೋನು ಅಪ್ಪನ ಕೈಗೆ ಕೊಟ್ಟುಬಿಡು. ಹೇಗೂ ಬೆಳಿಗ್ಗೆ ಶಿಡ್ಲಘಟ್ಟ ಮಾರುಕಟ್ಟೆಯ ಗೂಡಿನ ರೇಟು ನೋಡಲು ಅವರಿಗೆ ಬೇಕು. ಮುಂದಿನದ್ದು ತಾನಾಗೇ ಶುರುವಾಗುವ ಆಟೋಪ್ಲೇ ಅನ್ನು ಆರಿಸಿಡು. ಬೇಕಾದ ಪಾಠಗಳನ್ನು ಸಂಜೆಯೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಓದುವಾಗ ಇಂಟರ್ನೆಟ್ಟೇ ಬೇಕಾಗುವುದಿಲ್ಲ. ಊಟ ಬಿಡಬೇಡ. ಹಸಿದ ಹೊಟ್ಟೆಯಲ್ಲಿ ತ್ರಿಕೋನಮಿತಿ ಹತ್ತುವುದಿಲ್ಲ, ಇದು 34 ವರ್ಷ ಮಧ್ಯಾಹ್ನದ ಪೀರಿಯಡ್ ತಗೊಂಡವಳ ಮಾತು.

ಇನ್ನು ನಾಲ್ಕೈದು ದಿನಕ್ಕೆ ಹುಳು ನಾಲ್ಕನೇ ಜ್ವರಕ್ಕೆ ಕೂರುತ್ತದೆ. ಅವತ್ತು ನಿನಗೆ ಸೊಪ್ಪಿನ ಕೆಲಸ ಇರುವುದಿಲ್ಲ. ಎದ್ದ ಮೇಲೆ ದೊಡ್ಡ ಹಸಿವು, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವವರೆಗೂ ಮನೆಯಲ್ಲಿ ಯಾರಿಗೂ ಪುರುಸೊತ್ತು ಸಿಗುವುದಿಲ್ಲ, ಗೊತ್ತು. ಅದಕ್ಕೆ ಆ ಒಂದು ದಿನವನ್ನು ನನಗೆ ಕೊಡು. ವಿಡಿಯೋ ಹಚ್ಚಬೇಡ, ಪುಸ್ತಕ ತೆಗೆಯಬೇಡ. ಆ 11 ಬಂದ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಖಾಲಿ ಹಾಳೆಯಲ್ಲಿ ಮೊದಲಿಂದ ಬರೆ, ಕನ್ನಡದಲ್ಲೇ ಬರೆ. ಸಂಜೆ ಫೋಟೋ ತೆಗೆದು ಕಳಿಸು. ತಪ್ಪನ್ನು ಹೊಡೆದುಹಾಕಬೇಡ, ಹಾಗೇ ಇರಲಿ, ನಾನು ನೋಡಬೇಕು. ರಾತ್ರಿ ಊಟ ಆದ ಮೇಲೆ ಫೋನ್ ಮಾಡುತ್ತೇನೆ, ಒಂದೊಂದೇ ನೋಡೋಣ.

ನಿಮ್ಮಮ್ಮನಿಗೆ ಹುಣಸೆಹಣ್ಣು ಎತ್ತಿಟ್ಟಿದ್ದೇನೆ ಅಂತ ಹೇಳು. ಗೂಡು ಮಾರುಕಟ್ಟೆಗೆ ಹಾಕಿದ ಮೇಲೆ ಎಲ್ಲರೂ ಒಂದು ದಿನ ಬನ್ನಿ.

ಇಂತಿ
ನಿನ್ನ ದೊಡ್ಡಮ್ಮ